ಒಳಗೆ ಬಿಟ್ಟ ಬಟ್ಟೆ

ರವಿಕೆಯ ಪಕ್ಕದ ಹೊಲಿಗೆಯನ್ನು ಮತ್ತೆ ಬಿಚ್ಚುವಾಗ ಪ್ರೇಮಕುಮಾರಿಗೆ ಸಿಟ್ಟು ನೆತ್ತಿಗೇರಿತ್ತು. ಹೆಬ್ಬೆರಳಗಲ ಬಟ್ಟೆ ಒಳಗೆ ಉಳಿಯಬೇಕಿದ್ದ ಕಡೆ ಭತ್ತದ ಕಾಳಿನಷ್ಟೂ ಉಳಿದಿರಲಿಲ್ಲ. ಹೊಲಿಗೆ ಅಂಚಿಗೆ ಅಂಟಿಕೊಂಡೇ ಓಡಿತ್ತು. ಸೊಟ್ಟಗಾಗಿದ್ದರೆ ಕೈ ತಪ್ಪಿತು ಎನ್ನಬಹುದಿತ್ತು. ಇದು ದಾರ ಎಳೆದು ಹಿಡಿದಷ್ಟು ನೇರವಾಗಿತ್ತು.

ನೇರ ಹೊಲಿಗೆಗೆ ಕೊಟ್ಟಿಗೆಹಾರದಲ್ಲಿ ಪ್ರೇಮಕುಮಾರಿಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಎಲ್ಲರಿಗಿಂತ ಹೆಚ್ಚು ಹೇಳಿಕೊಂಡು ತಿರುಗಿದವಳು ಪ್ರೇಮಕುಮಾರಿಯೇ. ಸೂಜಿಯ ಪಕ್ಕದ ತಗಡಿನ ಮೇಲೆ ಅವಳದೊಂದು ಪುಟ್ಟ ಅಯಸ್ಕಾಂತದ ಗೈಡ್ ಇರುತ್ತಿತ್ತು. ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿ ತುಳಿದರೆ ಸಾಕು, ಹೊಲಿಗೆ ಕೊನೆಯತನಕ ಅಂಚಿನಿಂದ ಒಂದೇ ದೂರದಲ್ಲಿ ಹೋಗುತ್ತದೆ. ರವಿಕೆಗಾದರೆ ಗೈಡನ್ನು ದೂರವೇ ಇಡುತ್ತಿದ್ದಳು. ಹೆಂಗಸಿನ ಮೈ ಇವತ್ತಿದ್ದಂತೆ ನಾಳೆ ಇರುವುದಿಲ್ಲ, ಒಳಗೆ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದು. ಅದರಲ್ಲೂ ಇದು ಮಗಳು ರಶ್ಮಿಯ ಸೀಮಂತದ ಹಸಿರು ರವಿಕೆ. ಬಾಣಂತನ ಮುಗಿಯುವಷ್ಟರಲ್ಲಿ ಎಷ್ಟು ಬಿಟ್ಟಿದ್ದರೂ ಸಾಲುವುದಿಲ್ಲ.

ರಶ್ಮಿ ಸಂಸೆಯಲ್ಲಿ, ಗಂಡನ ಮನೆಯಲ್ಲಿದ್ದಳು. ಅಳತೆ ಕೊಡು ಬಾ ಎಂದು ಬಸುರಿಯನ್ನು ಆ ತಿರುವಿನ ದಾರಿಯಲ್ಲಿ ಕರೆಸುವುದುಂಟೇ? ವಿಡಿಯೋ ಕಾಲಿನಲ್ಲಿ ನೋಡಿದರೆ ಮಗಳು ಮೈತುಂಬಿಕೊಂಡು ಥೇಟ್ ಅಮ್ಮನಂತೆಯೇ ಕಾಣುತ್ತಿದ್ದಳು. ಪ್ರೇಮಕುಮಾರಿ ಬೀರುವಿನಿಂದ ತನ್ನದೇ ರವಿಕೆಯೊಂದನ್ನು ತೆಗೆದು, ಅದನ್ನೇ ಅಳತೆಗಿಟ್ಟು ಕತ್ತರಿ ಹಾಕಿದ್ದಳು.

ಗೈಡ್ ಈಗ ಅವಳು ಇಟ್ಟ ಜಾಗದಲ್ಲಿರಲಿಲ್ಲ. ಸೂಜಿಯ ಮಗ್ಗುಲಿಗೆ ಸರಿದು, ಒಂದು ಹಳೇ ಅಂಟಿನ ಗೆರೆಯ ಮೇಲೆ ಕೂತಿತ್ತು. ಮೆಷಿನ್ ಸೆಕೆಂಡ್ ಹ್ಯಾಂಡ್. ಹಿಂದಿನ ಒಡತಿ ಗುರುತಿಗೆಂದು ಅಲ್ಲಿ ಅಂಟಿಸಿದ್ದ ಪ್ಲಾಸ್ಟರ್ ಪಟ್ಟಿಯನ್ನು ಪ್ರೇಮಕುಮಾರಿ ತಂದ ದಿನವೇ ಕಿತ್ತೆಸೆದಿದ್ದಳು. ಗೆರೆ ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

"ಅಲುಗಾಟಕ್ಕೆ ಜಾರಿರುತ್ತೆ ಮಾರಾಯ್ತಿ," ಅಂಗಳದಲ್ಲಿ ಕಾಫಿ ಹಣ್ಣು ಹರಡುತ್ತಿದ್ದ ಗಂಡ ಹಾಲೇಶ್ ಕಿಟಕಿಯಲ್ಲಿ ಇಣುಕಿದ. "ಇಲ್ಲಾಂದ್ರೆ ನಿನ್ನ ಕನ್ನಡಕ ಬದಲಾಯಿಸ್ಬೇಕು."

"ನನ್ನ ಕಣ್ಣು ಸರಿಯಾಗೇ ಇದೆ. ನೀವು ಅಂಗಿ ಗುಂಡಿ ತಪ್ಪಿ ಹಾಕ್ಕೊಂಡಿರೋದು ಇಲ್ಲಿಂದ್ಲೇ ಕಾಣುತ್ತೆ."

ಅವನು ನಗುತ್ತಾ ಹೋದ. ಅವಳು ಗೈಡನ್ನು ದೂರ ಇಟ್ಟು, ಮೇಲೆ ಟೇಪ್ ಅಂಟಿಸಿ ಬಿಗಿ ಮಾಡಿ ತುಳಿದಳು. ನಿಲ್ಲಿಸಿ ನೋಡಿದರೆ ಟೇಪ್ ಕಿತ್ತಿರಲಿಲ್ಲ, ಗೈಡ್ ಇಟ್ಟಲ್ಲೇ ಇತ್ತು. ಬಟ್ಟೆ ಮಾತ್ರ ಅದರ ಗೊಡವೆಗೇ ಹೋಗದೆ ಹಳೇ ಗೆರೆಯ ಹಾದಿ ಹಿಡಿದಿತ್ತು. ಬೆಳಿಗ್ಗೆ ಇದೇ ಮೆಷಿನ್ನಿನಲ್ಲಿ ಪಕ್ಕದ ಮನೆ ನಂಜಮ್ಮನ ರವಿಕೆ ಹೊಲಿದಿದ್ದಳು. ಅದರೊಳಗೆ ಹೆಬ್ಬೆರಳಗಲ ಬಟ್ಟೆ ಸರಿಯಾಗಿಯೇ ಇತ್ತು. ಅವಳು ಪೆಡಲಿನ ಮೇಲಿಂದ ಪಾದ ತೆಗೆದು ಕೆಳಗಿಟ್ಟಳು.

ಮಲ್ಲಂದೂರಿನ ಗಿರಿಗೆ ಫೋನ್ ಮಾಡಿದಳು. ತೀರಿಹೋದ ತನ್ನ ತಾಯಿ ಹುಚ್ಚಮ್ಮನ ಮೆಷಿನ್ನನ್ನು ಇವಳಿಗೆ ಮಾರಿದವನು ಅವನೇ.

"ಮೆಷಿನ್ ಮೇಲೆ ಪ್ಲಾಸ್ಟರ್ ಇತ್ತಲ್ಲ ಗಿರಿ, ಅದು ಯಾಕಪ್ಪ ಸೂಜಿಗೆ ಅಷ್ಟು ಹತ್ರ?"

"ಅಮ್ಮ ದೂರಾನೇ ಅಂಟಿಸಿದ್ರು ಅಕ್ಕಾ. ಕೆಲವ್ರ ಬಟ್ಟೆ ಹೊಲಿಯೋವಾಗ ಅದೇ ಹತ್ರ ಬರುತ್ತೆ ಅಂತಿದ್ರು."

"ಯಾರ ಬಟ್ಟೆ?"

"ಬಿಚ್ಚಿಸ್ಕೊಳ್ಳೋಕೆ ಅಂತ ಮತ್ತೆ ಬರದೇ ಇರೋರ್ದು." ಎಂದ ಗಿರಿ. "ಕೊನೆಗೆ ಅವರದೇ ಬ್ಲೌಸಿಗೂ ಹಂಗಾಯ್ತು. ಆಮೇಲೆ ಪಟ್ಟಿ ದೂರ ಹೋಗ್ಲೇ ಇಲ್ಲ, ಅಮ್ಮಾನೂ ಬಹಳ ದಿನ ಉಳೀಲಿಲ್ಲ. ನಾನೇನೂ ಇದನ್ನೆಲ್ಲ ನಂಬಲ್ಲ, ವಯಸ್ಸಾಗಿತ್ತು ಅವ್ರಿಗೆ. ಮೆಷಿನ್ ಏನಾದ್ರೂ ತೊಂದ್ರೆ ಕೊಡ್ತಿದ್ಯಾ?"

"ಇಲ್ಲಪ್ಪ. ಸುಮ್ನೆ ಕೇಳ್ದೆ."

ಆವತ್ತು ಸಂಜೆಯೇ ಮೆಷಿನ್ನಿಗೆ ವಿಭೂತಿ ಹಚ್ಚಿದಳು. ಇನ್ನೊಂದು ಪಕ್ಕವನ್ನೂ ಹೊಲಿದು ನೋಡಿದಳು, ಅದೂ ಹಾಗೇ ಬಂತು. ಬಿಚ್ಚಲು ಧೈರ್ಯವಾಗದೆ ರವಿಕೆಯನ್ನು ಮಡಿಸಿಟ್ಟಳು. ಗಂಟೆಗೊಮ್ಮೆ ಮಗಳಿಗೆ ಫೋನ್ ಮಾಡಿ, ತಲೆ ಸುತ್ತಿತಾ, ಕಾಲು ಊದಿದೆಯಾ, ಮಗು ಅಲುಗಾಡ್ತಿದೆಯಾ ಎಂದು ಪೀಡಿಸಿದಳು. "ನಂಗೇನೂ ಆಗಿಲ್ಲಮ್ಮ, ನೀನು ಮೊದ್ಲು ಮಲಗು," ಎಂದು ರಶ್ಮಿ ರೇಗಿದಳು. ಹೆರಿಗೆಗೆಂದು ಆಸ್ಪತ್ರೆಗೆ ಹೋದ ಮಗಳು ವಾಪಸ್ ಬರದಿದ್ದರೆ ಎಂಬ ಯೋಚನೆಯನ್ನು ಪ್ರೇಮಕುಮಾರಿ ಯಾರಲ್ಲೂ ಬಾಯಿಬಿಡಲಿಲ್ಲ.

ಸೀಮಂತದ ಹಿಂದಿನ ದಿನ ರಶ್ಮಿ ತವರಿಗೆ ಬಂದಳು. ಬಂದವಳೇ ರವಿಕೆ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ಕಿಸಕ್ಕನೆ ನಕ್ಕಳು.

"ಅಮ್ಮಾ, ಎದೆ ಹತ್ರ ಹುಕ್ಕೇ ಕೂಡಲ್ಲ, ಭುಜ ನೋಡಿದ್ರೆ ಜೋತಾಡುತ್ತೆ. ಯಾರ ಅಳತೆ ಇದು?"

"ನಂದೇ ಕಣೇ," ಎಂದಳು ಪ್ರೇಮಕುಮಾರಿ.

ಹೇಳಿದ ಮಾತು ತನ್ನದೇ ಕಿವಿಗೆ ಬಿದ್ದ ಮೇಲೆ ಅವಳು ಮಗಳ ಮೈಮೇಲಿದ್ದ ರವಿಕೆಯ ಪಕ್ಕದ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನಂತರ ಅಳತೆ ಟೇಪ್ ತೆಗೆದುಕೊಂಡು ಮಗಳ ಎದೆ, ತೋಳು, ಭುಜ ಎಲ್ಲವನ್ನೂ ಹೊಸದಾಗಿ ಅಳೆದಳು. ಉಳಿದಿದ್ದ ಹಸಿರು ಬಟ್ಟೆಯನ್ನು ಕತ್ತರಿಸಿ ಮೆಷಿನ್ನಿಗೆ ಕೂತಳು. ಗೈಡನ್ನು ದೂರ ಇಟ್ಟಳು, ಟೇಪ್ ಅಂಟಿಸಲಿಲ್ಲ. ಪಕ್ಕದ ಹೊಲಿಗೆ ಹಾಕಿ ಮುಗಿಸಿದಳು. ಒಳಮಗ್ಗುಲು ತಿರುಗಿಸಿ ನೋಡಿದಳು. ಮೇಲಿನಿಂದ ಕೆಳಗಿನವರೆಗೂ ಹೆಬ್ಬೆರಳಗಲಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚೇ ಬಟ್ಟೆ ಉಳಿದಿತ್ತು. ಅವಳಿಗೆ ಜೀವ ಬಂದಂತಾಯಿತು. ರವಿಕೆಯಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟಳು.

"ಒಂದು ಬ್ಲೌಸಿಗೆ ಯಾರಾದ್ರೂ ಅಳ್ತಾರಾ?" ರಶ್ಮಿ ಗಾಬರಿಯಾದಳು.

"ಚೆನ್ನಾಗಿ ಬಂತಲ್ಲೇ, ಅದಕ್ಕೆ."

ಮಾರನೇ ದಿನ ಮಗಳ ಬಲವಂತಕ್ಕೆ ಪ್ರೇಮಕುಮಾರಿ ಆ ಮೊದಲನೇ ರವಿಕೆಯನ್ನು ತೊಟ್ಟಳು. ಅದು ಎಲ್ಲೂ ಸುಕ್ಕಿಲ್ಲದೆ ಮೈಗೆ ಒಪ್ಪಿ ಕೂತಿತು. ರಶ್ಮಿ ಕಂಕುಳ ಬಳಿ ಬಟ್ಟೆ ಮಗುಚಿ ನೋಡಿ ಹುಬ್ಬೇರಿಸಿದಳು.

"ಇದೇನಮ್ಮ, ಒಳಗೆ ಬಟ್ಟೇನೇ ಬಿಟ್ಟಿಲ್ಲ! ಮುಂದೆ ಬಿಗಿಯಾದ್ರೆ?"

"ಬಿಗಿಯಾಗಲ್ಲ ಬಿಡೇ," ಎಂದು ಪ್ರೇಮಕುಮಾರಿ ಕೊನೆಯ ಹುಕ್ಕು ಹಾಕಿಕೊಂಡಳು. ಮಗಳನ್ನು ಮಣೆಯ ಮೇಲೆ ಕೂರಿಸಿ, ಬಳೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಯಾವ ಅವಸರವೂ ಇಲ್ಲದೆ ಹಸಿರು ಬಳೆಗಳನ್ನು ಒಂದೊಂದಾಗಿ ತೊಡಿಸತೊಡಗಿದಳು.