ಮೂರು ಗೆರೆ

ಫ್ಯಾನಿನ ಗಾಳಿಗೆ ಖಾಲಿ ಜೋಲಿ ತೂಗುತ್ತಿದೆ, ಕೊಕ್ಕೆ ಕಿರ್ ಅನ್ನುತ್ತದೆ, ಎಣ್ಣೆ ಬಿಡಬೇಕಿತ್ತು, ಹೋದ ವಾರವೇ ಬಿಡಬೇಕಿತ್ತು, ಮೇಲೆ ಗಡಿಯಾರದಂಥ ತಕ್ಕಡಿ, ಅದರ ಮುಳ್ಳು ಸೊನ್ನೆಯಲ್ಲಿದೆ, ಹಾಗೇ ಇರು ತಾಯಿ, ಅಲ್ಲಾಡಬೇಡ — ಆಯಮ್ಮ, ಎಲ್ಲಿ ನೋಡ್ತಿದ್ದೀರ, ಇಪ್ಪತ್ತೇಳನೆಯದು ಹೇಳಿ, ಡ್ರೈವರ್ ಹೆಂಡತಿಯ ಗಂಡುಮಗು, ಸಿಸ್ಟರ್ ಕೇಳುತ್ತಿದ್ದಾಳೆ, ಕಣ್ಣು ಮಾತ್ರ ಕಂಪ್ಯೂಟರಿನಿಂದ ಕದಲಿಲ್ಲ, ಓ ಆ ಪುಂಡನೋ, ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದ, ಬಿಡಿಸಿದ್ದಕ್ಕೆ ಚಾವಣಿ ಹಾರುವ ಹಾಗೆ ಕೂಗಿದ, ಏಳೂಕಾಲು, ಹಾಕಿಕೋ ಮಗಳೇ, ಏಳೂಕಾಲು. ಟಕ್ ಟಕ್. ಒಂದು ಮನೆ ತುಂಬಿತು. ಮೊನ್ನೆ ಬೆಳಿಗ್ಗೆ ಈ ರಿಪೋರ್ಟಿನ ಸಾಫ್ಟ್‌ವೇರ್ ಕೆಟ್ಟು ಕೂತಿತು, ಪರದೆ ಬಿಳಿಚಿಕೊಂಡಿತು, ರಿಪೇರಿಯವನು ಎರಡು ದಿನ ಹೆಣಗಿ ಹೆಸರುಗಳನ್ನಷ್ಟೇ ವಾಪಸು ತಂದ, ತೂಕದ ಮನೆಗಳೆಲ್ಲ ಖಾಲಿ, ನಲವತ್ತಾರು ಕೂಸುಗಳ ಹೋದ ತಿಂಗಳ ತೂಕ, ಸಂಜೆಯೊಳಗೆ ದೊಡ್ಡಾಫೀಸಿಗೆ ಹೋಗಬೇಕು, ಈಗ ತೂಗಿದರೆ ಈಗಿನ ತೂಕ ಸಿಗುತ್ತೆ, ಹೋದ ತಿಂಗಳದ್ದು ಎಲ್ಲಿ ಸಿಗುತ್ತೆ, ಕಾಗದದ ಪುಸ್ತಕ ನಿಲ್ಲಿಸಿ ವರ್ಷವಾಯಿತು, ಎಲ್ಲ ಇದರ ಹೊಟ್ಟೆಯಲ್ಲಿ ಭದ್ರ ಅಂದಿದ್ದರು, ಭದ್ರವಾಗೇ ನುಂಗಿತು. ಸಿಸ್ಟರ್ ಮೂಗು ಒರೆಸಿಕೊಂಡು, ಆಯಮ್ಮ, ಇನ್ನು ನಿಮ್ಮ ನೆನಪೇ ಗತಿ, ಅಂದಳು. ನಾನು ಓದಿದ್ದು ಎರಡನೇ ಕ್ಲಾಸು, ಅಂಕಿ ಬಿಟ್ಟರೆ ಮಿಕ್ಕಿದ್ದೆಲ್ಲ ಇರುವೆ ಸಾಲು, ಆದರೆ ಒಮ್ಮೆ ಎತ್ತಿದ ಕೂಸನ್ನು ನನ್ನ ತೋಳು ಮರೆಯುವುದಿಲ್ಲ, ಆಯಮ್ಮನ ಕೈ ತಪ್ಪಲ್ಲ ಅಂತ ಡಾಕ್ಟರೇ ಹೇಳುತ್ತಾರೆ — ತಪ್ಪಲ್ಲವಂತೆ — ಇಪ್ಪತ್ತೆಂಟು, ಬಳೆ ಅಂಗಡಿಯವಳ ಅವಳಿಯಲ್ಲಿ ದೊಡ್ಡದು, ಆರು, ಚಿಕ್ಕದು ಆರಕ್ಕೆ ಒಂದು ಗೆರೆ ಕಮ್ಮಿ, ಸಿಸ್ಟರ್ ನಗುತ್ತಾಳೆ, ನಿಮ್ಮ ತಲೆಗೇ ಒಂದು ವೈರ್ ಹಾಕಿಬಿಟ್ಟರೆ ಆಗ್ತಿತ್ತು ಆಯಮ್ಮ, ಹಾಕಬೇಡ ಮಗಳೇ, ಒಳಗಿರೋದೆಲ್ಲ ಬಂದುಬಿಡುತ್ತೆ.

ನಲವತ್ತೊಂದಕ್ಕೆ ಇನ್ನೂ ಹನ್ನೆರಡಿದೆ, ಇನ್ನು ಹತ್ತು, ಇನ್ನು ಎಂಟು, ಸಾಲು ಇಳಿಯುತ್ತಾ ಬರುತ್ತಿದೆ, ಪಟ್ಟಿ ನಿಲ್ಲುವುದಿಲ್ಲ. ನನ್ನ ಮೊದಲನೆಯದನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದ್ದು ನಮ್ಮತ್ತೆ, ನಾಲ್ಕು ಜನರೆದುರು, ಇದೇನು ಕೂಸೋ ಇಲಿಮರಿಯೋ, ಹೆತ್ತವಳಿಗೆ ಹಾಲಿದ್ದರಲ್ಲವಾ, ಅಂದಳು, ನನ್ನ ರವಿಕೆ ಆಗ ಒದ್ದೆಯಿತ್ತು, ಯಾರೂ ನೋಡಲಿಲ್ಲ, ಅವತ್ತಿನಿಂದಲೇ ಇರಬೇಕು ಈ ಕೈಗೆ ಅಂಟಿದ್ದು, ಸಣ್ಣ ಕೂಸು ಜೋಲಿಯಲ್ಲಿ ಕೂತಾಗ ಹಿಂದಿನ ಅಂಚನ್ನು ಒಂದು ಬೆರಳಲ್ಲಿ ಮೆಲ್ಲಗೆ ಜಗ್ಗುವುದು, ಒಂದು ಗೆರೆ, ಕಾಲು ಕೆಜಿ, ಯಾರಿಗೇನು ನಷ್ಟ, ತಾಯಿಯ ಮುಖ ಬಿಚ್ಚಿಕೊಳ್ಳುತ್ತಿತ್ತು, ಮುಂದಿನ ತಿಂಗಳಿಗೆ ಕೂಸು ತಾನೇ ಆ ಗೆರೆ ತುಂಬಿಸುತ್ತಿತ್ತು, ಎಷ್ಟು ವರ್ಷ, ಎಷ್ಟು ಕೂಸು, ಎಲ್ಲವೂ ತುಂಬಿಸಿದವು, ಅದೊಂದು ಬಿಟ್ಟು. ಹೊಲಿಗೆಯವಳ ಸೊಸೆ ಮಗು ಎತ್ತಿಕೊಂಡು ಬಂದಿದ್ದಳು, ಹಿಂದೆಯೇ ಅತ್ತೆ, ಕೊರಳಲ್ಲಿ ಅಳತೆ ಟೇಪು, ತೂಗಿ ತೂಗಿ, ಇವಳ ಯೋಗ್ಯತೆ ನಾವೂ ನೋಡೋಣ, ಸೊಸೆ ನನ್ನನ್ನು ನೋಡಿದಳು, ಬರೀ ನೋಡಿದಳು, ಮುಳ್ಳು ನಾಲ್ಕೂ ಮುಕ್ಕಾಲಿಗೆ ನಿಂತಿತ್ತು, ಐದು ತಿಂಗಳ ಕೂಸಿಗೆ ನಾಲ್ಕೂ ಮುಕ್ಕಾಲು, ನನ್ನ ಬೆರಳು ಕೇಳಲಿಲ್ಲ, ಒಂದು ಗೆರೆ, ಎರಡು, ಮೂರು, ಐದೂವರೆ ಅಂತ ಕೂಗಿದೆ, ಅತ್ತೆ ಬಾಯಿ ಮುಚ್ಚಿಕೊಂಡಳು, ಒಳಗೊಳಗೇ ನನಗೆ ಖುಷಿ, ಗೆದ್ದೆ ಅನ್ನುವ ಖುಷಿ. ಪರದೆಯ ಮೇಲೆ ಹಸಿರು ಬಂತು. ಕೆಂಪು ಬಂದಿದ್ದರೆ ಮಾರನೆಯ ದಿನವೇ ವ್ಯಾನು ಹೋಗಿ ತಾಯಿ ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ಯುತ್ತಿತ್ತು, ಹಸಿರಿಗೆ ವ್ಯಾನು ಬರುವುದಿಲ್ಲ. ಹದಿನೆಂಟು ದಿನ. ಹದಿನೆಂಟನೆಯ ದಿನ ಕೂಸು ಹೋಯಿತು. ಈಗ ಅತ್ತೆ ನಲ್ಲಿಯ ಹತ್ತಿರ ನಿಂತು ಹೋಗೋರಿಗೆ ಬರೋರಿಗೆ ಹೇಳುತ್ತಾಳೆ, ಆಸ್ಪತ್ರೆಯವರೇ ಸರಿ ಇದೆ ಅಂದ ಮಗು, ಐದೂವರೆ ಇತ್ತು, ಇವಳೇ ಉಪವಾಸ ಕೆಡವಿ ಕೊಂದಳು — ನನ್ನ ಐದೂವರೆ, ಆ ಹುಡುಗಿಯ ತಲೆಯ ಮೇಲೆ ಕಲ್ಲಿನ ಹಾಗೆ. ಹೋದ ವಾರ ಅವಳು ಬಂದಿದ್ದಳು, ನಾನು ಎಣ್ಣೆ ಡಬ್ಬಿ ಹಿಡಿದು ಇದೇ ಕೊಕ್ಕೆಯ ಕೆಳಗೆ ನಿಂತಿದ್ದೆ, ಆಯಮ್ಮ, ನೀವು ತೂಗಿದ್ದು ಸರಿಯಾಗೇ ಇತ್ತಲ್ವಾ, ಅಂದಳು, ಸರಿಯಾಗೇ ಇತ್ತು ಕಣಮ್ಮ, ಅಂದೆ, ಎಣ್ಣೆ ಬಿಡದೆ ಡಬ್ಬಿ ಮುಚ್ಚಿಟ್ಟೆ, ಅವಳು ತಲೆಯಾಡಿಸಿ ಹೋದಳು, ಹಾಗಾದರೆ ನಾನೇ, ಅನ್ನುವ ಹಾಗೆ ತಲೆಯಾಡಿಸಿದಳು.

ಯಂತ್ರ ಮರೆತಿದೆ, ನಾನೂ ಮರೆತೆ ಅಂದರೆ ಮುಗಿಯಿತು, ಮುದುಕಿಗೆ ಒಂದು ಮರೆವು ಬಾರದೇ, ನೆನಪಿಲ್ಲ ಮಗಳೇ ಅಂದರೆ ಇವಳೇ ಏನೋ ಒಂದು ಹಾಕಿಕೊಳ್ಳುತ್ತಾಳೆ, ಹಾಕಿಕೊಂಡರೆ ಅದೂ ಐದೂವರೆಯೇ — ಆಯಮ್ಮ, ನಲವತ್ತೊಂದು, ಹೊಲಿಗೆಯವರ ಮನೆಯದು, ಪಾಪ, ಇದು ನನಗೂ ನೆನಪಿದೆ, ಹಸಿರು ಬಂದಿತ್ತು, ಐದೂವರೆ ಅಲ್ವಾ, ಅವಳ ಬೆರಳು ಆಗಲೇ ಐದರ ಮೇಲಿದೆ, ಬೆರಳು, ಯಾವಾಗಲೂ ಒಂದು ಬೆರಳು, ಅಲ್ಲ ಮಗಳೇ, ನಾಲ್ಕೂ ಮುಕ್ಕಾಲು, ಏನಂದ್ರಿ, ನಾಲ್ಕೂ ಮುಕ್ಕಾಲು ಹಾಕು, ಆಯಮ್ಮ, ಹಾಕಿದರೆ ಕೆಂಪಾಗುತ್ತೆ, ಯಾಕೆ ಕಳಿಸಲಿಲ್ಲ ಅಂತ ಕೇಳ್ತಾರೆ, ಕೇಳಲಿ, ನನ್ನನ್ನು ತೋರಿಸು, ನಾನೇ ಜಗ್ಗಿದ್ದು ಅನ್ನು, ಆಮೇಲೆ ಆ ಕಾಗದ ಒಂದು ನನಗೆ ಕೊಡು, ಹೊಲಿಗೆಯವಳ ಮನೆಗೆ ನಾನೇ ಒಯ್ಯುತ್ತೇನೆ, ಆ ಹುಡುಗಿಯ ಅತ್ತೆಯೆದುರೇ ಓದಿಸುತ್ತೇನೆ, ಸಿಸ್ಟರಿನ ಬೆರಳು ಐದರಿಂದ ನಾಲ್ಕಕ್ಕೆ ಸರಿಯುತ್ತದೆ, ಟಕ್ ಟಕ್, ಪರದೆಯಲ್ಲಿ ಒಂದು ಸಾಲು ಕೆಂಪಾಗುತ್ತದೆ, ತಡವಾಗಿ ಬಂದ ಕೆಂಪು, ಯಾವ ವ್ಯಾನೂ ಹೊರಡದ ಕೆಂಪು, ಫ್ಯಾನು ತಿರುಗುತ್ತಿದೆ, ಕೊಕ್ಕೆ ಕಿರ್ ಅನ್ನುತ್ತದೆ, ಅವತ್ತು ಆ ಹುಡುಗಿ ಕೂಸನ್ನು ಜೋಲಿಯಿಂದ ಎತ್ತಿಕೊಂಡಳು, ಎದೆಗೆ ಒತ್ತಿಕೊಂಡಳು, ನಗುತ್ತಿದ್ದಳು, ನಾನೂ ಅವಳನ್ನೇ ನೋಡುತ್ತಾ ಬೆರಳು ತೆಗೆಯುವುದನ್ನು ಮರೆತಿದ್ದೆ, ಜೋಲಿಯಲ್ಲಿ ಯಾರೂ ಇರಲಿಲ್ಲ, ಮುಳ್ಳು ಸೊನ್ನೆಗೆ ಬರಲಿಲ್ಲ, ಖಾಲಿ ಜೋಲಿ, ಮುಳ್ಳು ಮೂರನೆಯ ಗೆರೆಯ ಮೇಲೆ, ಖಾಲಿ ಜೋಲಿ, ಮೂರನೆಯ ಗೆರೆಯ ಮೇಲೆ