ತಪಾಸಣೆ ದಿನದ ತೊಟ್ಟಿಲು

ಆ ಇಡೀ ತಿಂಗಳು ಹುಸ್ನಾ ಶಾಲೆಗೆ ಬಂದದ್ದು ಒಂದೇ ದಿನ. ಎಸ್ಸೆಸ್ಸೆಲ್ಸಿ ಹುಡುಗಿ, ಗಣಿತದಲ್ಲಿ ಇಡೀ ತರಗತಿಗೆ ಮುಂದು. ಹಾಜರಾತಿ ಇನ್ನೂ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ನಾನು ಅವಳ ಟೀಚರು. ಸಿಟ್ಟು ನೆತ್ತಿಗೇರಿಸಿಕೊಂಡೇ ಲಕಮನಹಳ್ಳಿಯ ಅವರ ಮನೆಗೆ ಹೋದೆ.

ಬಾಗಿಲಲ್ಲೇ ಹುಸ್ನಾ ನಿಂತಿದ್ದಳು. ಸೊಂಟದ ಮೇಲೆ ಎಂಟು ತಿಂಗಳ ತಮ್ಮ. ತಾಯಿ ಶಮೀಮ ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದಳು. ತಂದೆ ಇಮಾಮಹುಸೇನ ಗ್ಯಾರೇಜಿನ ಗ್ರೀಸು ಹತ್ತಿದ ಕೈ ತೊಳೆಯುತ್ತಿದ್ದ.

“ಬರ್ರಿ ಅಕ್ಕೋರ, ಕುಂದರ್ರಿ,” ಅಂದಳು ಶಮೀಮ. “ಏನ್ಮಾಡೂದ್ರಿ, ಕೂಸಿನ್ನ ಯಾರ ನೋಡ್ಕೋಬೇಕು? ನಾ ಕೆಲಸ ಬಿಟ್ರ ಮನಿ ನಡೆಯಂಗಿಲ್ಲ.”

“ಹುಡಿಗಿ ಅಲ್ಲೇನ್ರಿ? ಇಂದಿಲ್ಲ ನಾಳಿ ಕೂಸು ಆಡ್ಸೂದ ಐತಿ,” ಎಂದ ಇಮಾಮಹುಸೇನ. “ನಮ್ಮ ನಸೀಬದಾಗ ಇಷ್ಟ ಐತ್ರಿ.”

ನಸೀಬವಂತೆ! ನನ್ನ ಮೈಯೆಲ್ಲ ಉರಿದುಹೋಯಿತು.

“ಶಮೀಮಾ, ನೀವು ಸಾಲಿ ಯಾಕ ಬಿಟ್ರಿ?”

“ಏಳನೇತ್ತ ಇದ್ದಾಗ ಬಿಟ್ಟೆರಿ. ತಮ್ಮ ಅರಫಾತ ಹುಟ್ಟಿದ್ದ. ಅಮ್ಮಿ ದುಡಿಯಾಕ ಹೋಗ್ತಿದ್ಲು, ನಾ ಅವನ್ನ ಆಡಸ್ತಿದ್ದೆ.”

“ಈಗ ಅರಫಾತ ಏನ್ ಮಾಡ್ತಾನ?”

“ಐಟಿಐ ಮುಗಿಸ್ಯಾನ್ರಿ. ಮಶೀನ್ ಆಪರೇಟರ್ ಅದಾನ.”

“ಪಗಾರ?”

“ನನ್ನ ಎರಡ ಪಟ್ಟರಿ. ನಾ ಬರೇ ಡಬ್ಬಿ ತುಂಬಾಕಿ.”

“ನೀವು ಎತ್ತಿ ಆಡ್ಸಿದ ಹುಡುಗ ನಿಮ್ಮ ಎರಡು ಪಟ್ಟು ಗಳಸ್ತಾನ. ಗಳಸ್ಲಿ, ಛಲೋ ಆತು. ಆದ್ರ ಇದು ನಸೀಬ ಅಲ್ಲ. ನಿಮ್ಮ ಅಮ್ಮಿ ದುಡಿಯೋ ಕಡೆ ಕೂಸು ಬಿಡಾಕ ಒಂದು ಕೋಣಿ ಇರ್ಲಿಲ್ಲ, ಅಷ್ಟ! ಈಗ ಕಾಯ್ದೆ ಐತಿ. ಐವತ್ತು ಇಲ್ಲಾ ಅದಕ್ಕಿಂತ ಹೆಚ್ಚು ಮಂದಿ ದುಡಿಯೋ ಕಡೆ ಕೂಸುಗಳನ್ನ ನೋಡ್ಕೊಳ್ಳೋ ವ್ಯವಸ್ಥಾ ಇರಬೇಕು. ತಾಯಿ ದಿನಕ್ಕ ನಾಕ ಸಲ ಹೋಗಿ ನೋಡಿ ಬರಬಹುದು. ನಿಮ್ಮಲ್ಲಿ ಎಷ್ಟ ಮಂದಿ ಅದೀರಿ?”

“ನೂರಾ ಇಪ್ಪತ್ತರಿ. ಕೂಸಿನ ಕೋಣಿ ನಮ್ಮಲ್ಲೂ ಐತಲ್ರಿ! ಬಾಗಲದ ಮ್ಯಾಲೆ ಬೋರ್ಡ್ ಹಾಕ್ಯಾರ. ಒಳಗ ಖಾಲಿ ಡಬ್ಬಿ ಒಟ್ಟಿರ್ತಾರ. ತಪಾಸಣಿ ಸಾಹೇಬ್ರು ಬರೋ ದಿನ ಡಬ್ಬಿ ತಗದು, ನಾವ ನಮ್ಮ ತೊಟ್ಲ ಒಯ್ದು ಇಡ್ತೇವಿ, ಕೂಸು ಮಲಗಸ್ತೇವಿ. ಅವತ್ತ ನಮಗ ಚಾ, ಶಿರಾ ಕೊಡ್ತಾರ.”

ನೆರೆಮನೆಗೆ ನೆಂಟರು ಬಂದಾಗ ಹಾಸಿಗೆ ಕೊಟ್ಟವಳ ಹಾಗೆ, ಹೆಮ್ಮೆಯಿಂದ ಹೇಳಿದಳು.

“ಅಯ್ಯ ನಿಮ್ಮ! ಉಂಡೂ ಹೋದ, ಕೊಂಡೂ ಹೋದ ಅಂದಂಗಾತು,” ಎಂದು ಕೂಗಿಯೇ ಬಿಟ್ಟೆ. “ನಿಮ್ಮ ತೊಟ್ಲದಿಂದ ನಿಮಗ ಮೋಸ ಮಾಡ್ಯಾರ. ಒಂದು ಪ್ಲೇಟ್ ಶಿರಾಕ್ಕ ಮಗಳ ಸಾಲಿ ಮಾರಿ ಬಂದೀರಿ!”

ಅಷ್ಟು ಖಾರವಾಗಿ ಅನ್ನಬಾರದಿತ್ತು. ಶಮೀಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ಹುಸ್ನಾ ಬಾಯಿಬಿಟ್ಟಳು.

“ಅಮ್ಮಿ, ನೀ ತೊಟ್ಲ, ಕೂಸು ಒಯ್ದಿದ್ದಿ ನೋಡು, ಅದೊಂದ ದಿನ ನಾ ಸಾಲಿಗೆ ಹೋಗಿದ್ದೆ.”

ಇಮಾಮಹುಸೇನ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು ಕೇಳಿದ, “ಕೇಳಾಕ ಹೋಗಿ ಕೆಲಸದಿಂದ ತಗದ್ರ?”

“ಒಬ್ಬಾಕಿ ಕೇಳಿದ್ರ ಹೆದರಸ್ತಾರ. ಎಲ್ಲಾರೂ ಕೇಳಿದ್ರ ಹೆಂಗ ಹೆದರಸ್ತಾರ?” ಎಂದೆ ನಾನು.

“ಸಣ್ಣ ಕೂಸಿನವ್ರು ಹನ್ನೊಂದ ಮಂದಿ ಅದೇವಿ,” ಎಂದಳು ಶಮೀಮ.

ಮುಂದಿನ ತಪಾಸಣೆಗೆ ತೊಟ್ಟಿಲು ತರಲು ಸೂಪರ್‌ವೈಸರ್ ಹೇಳಿದ. ಯಾರೂ ತರಲಿಲ್ಲ. ಹನ್ನೊಂದು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ಆ ಕೋಣೆಯ ಮುಂದೆ ನಿಂತರು.

“ತೊಟ್ಲ ರಿಪೇರಿಗೆ ಹೋಗ್ಯಾವ್ರಿ ಸರ,” ಎಂದು ತಪಾಸಣೆಗೆ ಬಂದ ಸಾಹೇಬರಿಗೆ ಹೇಳಿದ ಸೂಪರ್‌ವೈಸರ್.

“ಸುಳ್ಳರಿ ಸಾಹೇಬ್ರ,” ಎಂದಳು ಶಮೀಮ. “ಇಷ್ಟ ದಿನ ನೀವು ನೋಡಿ ಸಹಿ ಮಾಡಿದ ತೊಟ್ಲ ನಮ್ಮ ಮನೀವು. ಕಾರ್ಖಾನಿವು ಎಲ್ಲಿ ಅದಾವ, ಕೇಳ್ರಿ ಇವರನ್ನ.”

ಹನ್ನೊಂದು ಸಹಿಯ ದೂರನ್ನು ಅಲ್ಲೇ ಸಾಹೇಬರ ಕೈಗಿಟ್ಟರು. ಕೋಣೆ ತೆರೆದು ಆಯಾ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಕೂಸನ್ನು ನೋಡಿಕೊಂಡದ್ದು ಯಾರು ಗೊತ್ತೇ? ಇಮಾಮಹುಸೇನ! ಗ್ಯಾರೇಜಿನಲ್ಲೇ ಒಂದು ಮೂಲೆಯಲ್ಲಿ ಕೂಸು ಮಲಗಲು ಸೀರೆಯ ಜೋಳಿಗೆ ಕಟ್ಟಿದ್ದ. ನಕ್ಕವರಿಗೆ, “ನನ್ನ ಮಗಳು ಡಬ್ಬಿ ತುಂಬೂದು ಬ್ಯಾಡ,” ಎಂದು ಹೇಳಿದನಂತೆ.

ಹುಸ್ನಾ ಪರೀಕ್ಷೆಗೆ ಕೂರುತ್ತಾಳೆ. ಆದರೆ ನನ್ನ ಸಿಟ್ಟು ಇಳಿದಿಲ್ಲ. ಕಾಯ್ದೆ ಪುಸ್ತಕದಲ್ಲಿ ಮಲಗಿದ್ದರೆ ಯಾರ ಹೊಟ್ಟೆ ತುಂಬುತ್ತದೆ?

ಇದನ್ನು ಓದುತ್ತಿರುವ ತಾಯಿ, ತಂದೆ, ನಿಮಗೇ ಹೇಳುತ್ತಿದ್ದೇನೆ. ನೀವು ದುಡಿಯುವಲ್ಲಿ ಐವತ್ತು ಮಂದಿ ಇದ್ದೀರಾ? ಕೂಸಿನ ಕೋಣೆ ಎಲ್ಲಿ ಎಂದು ನಾಳೆಯೇ ಕೇಳಿ. ಒಬ್ಬರೇ ಹೋಗಬೇಡಿ, ಕೂಡಿ ಹೋಗಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಬರೆದುಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಅದಕ್ಕೂ ಮೊದಲು, ಇವತ್ತು ಮನೆಗೆ ಹೋದ ಕೂಡಲೇ ಮಗಳ ಕೈಯಿಂದ ಕೂಸನ್ನು ಇಸಿದುಕೊಳ್ಳಿ. ಹೀಗೆ ಬೈದೆನೆಂದು ಆಮೇಲೆ ಬೇಕಾದರೆ ನನ್ನ ಮೇಲೆ ಸಿಟ್ಟಾಗಿ.