ಕಾಗೆ ಮುಟ್ಟುವ ಮುನ್ನ

ಮಂಗೇಶನ ಫೋನು ಬಂದಾಗ ಪ್ರಮಿಲಾ ಚಿದ್ರಿಯ ತನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಹಿಟ್ಟಾಗಿದ್ದರಿಂದ ಮಗಳು ಸಾನಿಕಾ ಫೋನನ್ನು ಕಿವಿಗೆ ಹಿಡಿದಳು.

"ಅಕ್ಕಾ, ಅವ್ವ ಹೋದಳು. ನಸಿಕಿನ್ಯಾಗ, ನಿದ್ದ್ಯಾಗೇ."

"ಹೌದಾ" ಎಂದು ಪ್ರಮಿಲಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಕಣ್ಣಿಗೆ ಒಂದು ಹನಿಯೂ ಬರಲಿಲ್ಲ. ಇನ್ನು ನನ್ನನ್ನು ತೂಗುವವರಿಲ್ಲ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತಿತು.

ಮಂಗೇಶನ ತಾಯಿ, ಭಾಲ್ಕಿಯ ಅನುಸೂಯಾಬಾಯಿ, ಅವಳಿಗೆ ದೊಡ್ಡವ್ವ, ತಾಯಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ಪ್ರಮಿಲಾ ಠಾಣಾ ಕುಶನೂರಿನಿಂದ ಅವರ ಮನೆಗೆ ಬಂದು ಮೂರು ವರ್ಷ ಹೈಸ್ಕೂಲು ಓದಿದಳು. ಮನೆಯ ಮುಂದುಗಡೆಯೇ ತೊಗರಿ ಕೊಂಡು ಮಾರುವ ಅಡತಿ ಅಂಗಡಿ, ಅಲ್ಲಿ ಆಳೆತ್ತರದ ತಕ್ಕಡಿ. ಪ್ರತಿ ಅಮಾವಾಸ್ಯೆ ಪೂಜೆ ಮುಗಿದ ಮೇಲೆ ದೊಡ್ಡವ್ವ ಅವಳನ್ನು ಆ ತಕ್ಕಡಿಯಲ್ಲಿ ಕೂಡಿಸುತ್ತಿದ್ದಳು. ಹಮಾಲ ಚಾಂದ ಪಾಶಾ ಇನ್ನೊಂದು ಕಡೆ ಕಲ್ಲು ಏರಿಸುತ್ತಿದ್ದ. "ಏರ್ಯಾಳ ನೋಡ್ರಿ ನಮ್ಮ ತೊಗರಿ ಚೀಲ" ಎಂದು ದೊಡ್ಡವ್ವ ಅಂದರೆ ಗಿರಾಕಿಗಳೆಲ್ಲ ನಗುತ್ತಿದ್ದರು. ತೂಕ ಏರಿದ ತಿಂಗಳು ಅವಳ ತಟ್ಟೆಯಲ್ಲಿ ಒಂದು ರೊಟ್ಟಿ ಇಳಿಯುತ್ತಿತ್ತು. ಉಳಿದವರು ಉಣ್ಣುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಡಿಸಬೇಕು.

ಆಮೇಲೆ ತಕ್ಕಡಿ ಬೇಕಾಗಲಿಲ್ಲ. ಇಪ್ಪತ್ತೈದು ವರ್ಷ ಅವಳು ತನ್ನ ಕೈಯಾರೆ ತನ್ನ ರೊಟ್ಟಿ ಕಿತ್ತುಕೊಂಡಳು. ಮಕ್ಕಳಿಗೆ ಪಾಠ ಹೇಳುವಾಗಲೂ ತಿಂದ ತುತ್ತುಗಳನ್ನು ಎಣಿಸುತ್ತಿದ್ದಳು. ಹೋದ ವರ್ಷ ಶಾಲೆಯ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಾಗ ಗಂಡ ಶಿವರಾಜ ಡಾಕ್ಟರ್ ವಹೀದಾ ಅವರ ಹತ್ತಿರ ಕರೆದೊಯ್ದ. ಅವರು ಪ್ರತಿ ಸಲವೂ ಕೇಳುವುದು ಒಂದೇ.

"ಈ ವಾರ ಯಾವಾಗರ ಹಸಿವಿ ಆಗಿತ್ತೇನ್ರಿ, ಟೀಚರ್?"

"ಗೊತ್ತಾಗಂಗಿಲ್ರಿ, ಮೇಡಂ."

ಹೊತ್ತಿಗೆ ಸರಿಯಾಗಿ ಔಷಧಿಯಂತೆ ಉಣ್ಣುವುದನ್ನು ಕಲಿತಿದ್ದಳು. ಹಸಿವು ಮಾತ್ರ ಭಾಲ್ಕಿಯಲ್ಲೇ ಉಳಿದುಬಿಟ್ಟಿತ್ತು.

ಅಂತ್ಯಕ್ರಿಯೆಗೆ ಅವಳು ಹೋಗಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಸಾನಿಕಾಳನ್ನೂ ಹೊರಡಿಸಿ, ಡಬ್ಬಿಗೆ ರೊಟ್ಟಿ, ನಂಜಿಕೊಳ್ಳಲು ಖಾರದ ಶೇಂಗಾ ಹಿಂಡಿ ಹಾಕಿಕೊಂಡಳು. ಆ ಮನೆಯ ಅನ್ನ ಮುಟ್ಟುವುದಿಲ್ಲವೆಂದು ನಿರ್ಧರಿಸಿಯಾಗಿತ್ತು.

"ಮಣ್ಣಿಗಿ ಹೋಗ್ಲಿಲ್ಲ, ಈಗ್ಯಾಕ ಹೊಂಟಿ?" ಎಂದು ಶಿವರಾಜ ಕೇಳಿದ.

"ಅಳ್ಲಾಕ ಅಲ್ಲ. ಆಕಿ ಪಿಂಡ ಕಾಗಿ ಮುಟ್ಟಂಗಿಲ್ಲ. ಅದನ್ನ ಕಣ್ಣಾರೆ ನೋಡ್ಲಾಕ ಹೊಂಟೀನಿ."

ಅವಳು ಅಂದಂತೆಯೇ ಆಯಿತು. ಭಾಲ್ಕಿಯ ಹೊರಗೆ, ಹೊಲದ ಬಾವಿಯ ಕಟ್ಟೆಯ ಮೇಲೆ ಪಿಂಡ ಇಟ್ಟು ಎಲ್ಲರೂ ದೂರ ಸರಿದರು. ಬೇವಿನ ಮರದಲ್ಲಿ ಐದಾರು ಕಾಗೆಗಳಿದ್ದರೂ ಒಂದೂ ಇಳಿಯಲಿಲ್ಲ. ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದ್ದರೆ ಹೀಗಾಗುತ್ತದೆ. ಅದೇನೆಂದು ಊಹಿಸಿ ಮಾತು ಕೊಡಬೇಕು. ಕಾಗೆ ಮುಟ್ಟುವ ತನಕ ಯಾರೂ ಉಣ್ಣುವಂತಿಲ್ಲ.

"ಅವ್ವಾ, ತುಳಸಿಗಿ ದಿನಾ ನೀರ ಹಾಕ್ತೇನಿ, ಬಾ" ಎಂದು ಮಂಗೇಶ ಕೈಮುಗಿದ. "ಅಂಗಡಿ ಮುಚ್ಚಂಗಿಲ್ಲ, ಬಾ."

"ಭಾಲ್ಕಿ ಕಾಗಿ ಅವ. ಬರೇ ಅನ್ನಕ್ಕ ಬರಂಗಿಲ್ಲ, ಚಿವಡಾ ಬೇಕು" ಎಂದರು ಹಿರಿಯರೊಬ್ಬರು. ಯಾರೂ ನಗಲಿಲ್ಲ.

ಪ್ರಮಿಲಾಳಿಗೆ ಮಾತ್ರ ಒಳಗೊಳಗೇ ತಂಪೆನಿಸಿತು. ನಿಲ್ಲಲಿ, ಉಣ್ಣುವ ಅನ್ನವನ್ನು ದೂರದಿಂದ ನೋಡುತ್ತ ದೊಡ್ಡವ್ವನೂ ನಿಲ್ಲಲಿ. ಬಿಸಿಲು ನೆತ್ತಿಗೇರಿತು. ಮುದುಕನಾಗಿದ್ದ ಚಾಂದ ಪಾಶಾ ಕೋಲೂರುತ್ತ ಹತ್ತಿರ ಬಂದ.

"ಬೇಟಿ, ಅನುಸೂಯಾಬಾಯಿ ನಿನ್ನ ಸಲುವಾಗಿ ನಿಂತಾಳ. ಕಲ್ಲ ಏರಸಿದ್ದು ಈ ಕೈ. ನಂಗ ಗೊತ್ತದ. ಮಾಫ್ ಮಾಡೀನಿ ಅಂತ ಒಂದ್ ಮಾತ್ ಅಂದುಬಿಡು."

"ಕಾಯಲಿ, ಚಾಚಾ. ಆಕಿ ಅಡಗಿಮನಿ ಬಾಗಲ್ದಾಗ ನಾ ಮೂರ ವರ್ಷ ಕಾದೀನಿ."

ಅಷ್ಟರಲ್ಲಿ ಹನ್ನೆರಡು ವರ್ಷದ ಸಾನಿಕಾ ಸೆರಗು ಜಗ್ಗಿ, "ಮಮ್ಮಿ, ಹಸಿವಿ ಆಗ್ಯದ" ಎಂದಳು. ಅದು ಮಂಗೇಶನ ಕಿವಿಗೆ ಬಿತ್ತು.

"ಒಂದ್ ಹೊತ್ತ ಉಣ್ಣದಿದ್ರ ನೀ ಏನ್ ಸೊರಗಂಗಿಲ್ಲ ತಗೋ! ಅವ್ವ ಇದ್ದಿದ್ರ ನಿನ್ನ ತಕ್ಕಡಿಗಿ ಏರಸ್ತಿದ್ಳು."

ಈಗ ನಾಲ್ಕು ಜನ ನಕ್ಕರು. ಸಾನಿಕಾ ತಲೆ ತಗ್ಗಿಸಿ ಓಢಣಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ತಕ್ಕಡಿಯಲ್ಲಿ ಕೂತಾಗ ಪ್ರಮಿಲಾಳೂ ಹಾಗೆಯೇ ಎಳೆದುಕೊಳ್ಳುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಸಿಟ್ಟೆಂದುಕೊಂಡಳು. ಸಿಟ್ಟಿನ ಕೆಳಗೆ ಇನ್ನೂ ಒಂದಿತ್ತು. ಪೊಳ್ಳಾದ, ಬೆಚ್ಚನೆಯ, ಬಾಯಲ್ಲಿ ನೀರು ತರಿಸುವ ಹಳೆಯ ಪರಿಚಯದ್ದು. ಅವಳು ಬೆರಗಾಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ನನಗೂ ಹಸಿವಿ ಆಗ್ಯದ" ಎಂದಳು, ಎಲ್ಲರಿಗೂ ಕೇಳುವಂತೆ.

ಬಾವಿಕಟ್ಟೆಯ ಎದುರಿಗೇ ಕುಳಿತು ಡಬ್ಬಿ ತೆರೆದಳು.

"ಅಯ್ಯೋ, ಕಾಗಿ ಮುಟ್ಟಿಲ್ಲಲ್ಲವ್ವ!" ಎಂದು ಹೆಂಗಸೊಬ್ಬಳು ಬಾಯಿಗೆ ಕೈಯಿಟ್ಟಳು.

"ದೊಡ್ಡವ್ವ ನೋಡ್ಲಿ, ತಗೋರಿ. ಮಂಗೇಶ, ನೀನೂ ನೋಡು. ನನ್ನ ಮಗಳ ಮೈ ಮ್ಯಾಲ ಇನ್ನೊಂದ್ ಮಾತ್ ಬಂದ್ರ ಆ ತಕ್ಕಡಿ ಈ ಬಾವ್ಯಾಗ ಇರ್ತದ."

ಮಂಗೇಶ ಮುಖ ಬೇರೆ ಕಡೆ ಹೊರಳಿಸಿದ. ತಾಯಿ ಮಗಳು ಹಿಂಡಿ ಹಚ್ಚಿಕೊಂಡು ಉಂಡರು. ಖಾರಕ್ಕೆ ಪ್ರಮಿಲಾಳ ಕಣ್ಣಲ್ಲಿ ನೀರು ಬಂತು. ಸಾಕೆನಿಸಿದಾಗ ನಿಲ್ಲಿಸಿದಳು. ಕೈಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಎಷ್ಟು ತುತ್ತಾಯಿತು ಎಂದು ನೆನಪಿಸಿಕೊಳ್ಳಲು ಹೋದರೆ ಲೆಕ್ಕವೇ ಸಿಗಲಿಲ್ಲ. ಎಣಿಸಿಯೇ ಇರಲಿಲ್ಲ.

ಎದುರಿಗೆ ಪಿಂಡ ಬಿಸಿಲಿಗೆ ಬಿರಿಯುತ್ತಿತ್ತು. ಅವಳು ಎದ್ದು ಆ ಅರ್ಧ ರೊಟ್ಟಿಯನ್ನು ಅದರ ಪಕ್ಕದಲ್ಲಿಟ್ಟಳು.

"ದೊಡ್ಡವ್ವ, ಮಾಫ್ ಮಾಡೀನಿ ಅಂತ ಸುಳ್ಳ ಹೇಳಂಗಿಲ್ಲ. ನಾ ಉಂಡೀನಿ. ಇನ್ನ ನೀ ಉಣ್ಣು."

ಮೇಲೆ ರೆಕ್ಕೆಯ ಸದ್ದಾಯಿತು. ಅವಳು ತಲೆಯೆತ್ತಿ ನೋಡಲಿಲ್ಲ. ಹಿಂಡಿ ಹತ್ತಿದ ಕೈಗಳನ್ನೇ ಜೋಡಿಸಿ ಕಣ್ಣು ಮುಚ್ಚಿದಳು. ವಿಠ್ಠಲಾ, ಹಸಿದು ಬಂದ ದೊಡ್ಡವ್ವನನ್ನು ಬಾಗಿಲಲ್ಲಿ ನಿಲ್ಲಿಸಬೇಡ. ಒಳಗೆ ಕರೆದು ಹೊಟ್ಟೆ ತುಂಬ ಬಡಿಸು. ಅವಳ ಜೀವ ತಣ್ಣಗಾಗಲಿ.